ಡಬ್ಬ ಸತ್ತಿದೆ, ಡೇಟಾ ಸತ್ತಿಲ್ಲ. ದಯವಿಟ್ಟು ಮುಟ್ಟಬೇಡಿ!

1/8

ನಿನ್ನೆ ಸ್ಟೋರಿಯಲ್ಲಿ ಹಾಕಿದ ಕಪ್ಪು ಡಬ್ಬ ನೋಡಿ ಸುಮಾರು ಜನ "ಹೊಸ ಸ್ಪೀಕರಾ?" ಅಂತ ಕೇಳಿದ್ರಿ. ಸ್ಪೀಕರ್ ಅಲ್ಲ ಗುರು. ಇದಕ್ಕೆ ನಾಸ್ ಅಂತಾರೆ, ನೆಟ್‌ವರ್ಕ್ ಸ್ಟೋರೇಜ್. ಒಳಗೆ ಎರಡೋ ನಾಲ್ಕೋ ಎಂಟೋ ಹಾರ್ಡ್ ಡಿಸ್ಕ್ ಸಾಲಾಗಿ ಕೂತಿರ್ತವೆ. ರೂಟರ್‌ಗೆ ಒಂದು ಕೇಬಲ್ ಚುಚ್ಚಿದ್ರೆ ಆಫೀಸಿನ ಎಲ್ಲಾ ಕಂಪ್ಯೂಟರಿಗೂ ಅದೇ ಬೀರು. ಆಡಿಟರ್ ಆಫೀಸು, ಮದುವೆ ಫೋಟೋ ಸ್ಟುಡಿಯೋ, ಡಿಟಿಪಿ ಅಂಗಡಿ, ರಕ್ತ ಪರೀಕ್ಷೆ ಮಾಡೋ ಲ್ಯಾಬು, ಹೀಗೆ ನಾವು ಪಾರ್ಟ್ ಟೈಮ್ ಅಂತಲೋ ಇಂಟರ್ನ್‌ಶಿಪ್ ಅಂತಲೋ ಹೋಗೋ ಎಷ್ಟೋ ಕಡೆ ಇದು ಮೂಲೆಯಲ್ಲಿ ಧೂಳು ತಿಂದುಕೊಂಡು ಕೂತಿರುತ್ತೆ. ಕೆಟ್ಟು ಹೋಗೋವರೆಗೂ ಯಾರೂ ಅದರ ಮುಖ ನೋಡಲ್ಲ.

ಒಂದು ಬೆಳಿಗ್ಗೆ ಅದು ಆನ್ ಆಗಲ್ಲ. ಅಥವಾ ಆನ್ ಆಗಿ ಕೆಂಪು ಲೈಟ್ ತೋರಿಸಿ ಬೀಪ್ ಬೀಪ್ ಅಂತ ಕಿರುಚುತ್ತೆ. ಆಗ ಎಲ್ಲರೂ ಯಾರ ಕಡೆ ತಿರುಗ್ತಾರೆ ಹೇಳಿ? ಆಫೀಸಿನಲ್ಲಿ ಎಲ್ಲರಿಗಿಂತ ಚಿಕ್ಕವರ ಕಡೆ. "ನಿಂಗೆ ಕಂಪ್ಯೂಟರ್ ಗೊತ್ತಲ್ವಾ, ಸ್ವಲ್ಪ ನೋಡಪ್ಪಾ."

ಈ ಸರಣಿ ಆ "ಸ್ವಲ್ಪ ನೋಡಪ್ಪಾ" ಬಗ್ಗೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಆ ಹೊತ್ತಲ್ಲಿ ನಾವು ಮಾಡಬಹುದಾದ ದೊಡ್ಡ ಉಪಕಾರ ಅಂದ್ರೆ ಪ್ಲಗ್ ತೆಗೆದು, ಕೈ ಕಟ್ಟಿ ನಿಂತು, ಬೇರೆಯವರನ್ನೂ ಮುಟ್ಟೋಕೆ ಬಿಡದೆ ಇರೋದು. ವಾಪಸ್ ಬರಬಹುದಾಗಿದ್ದ ಡೇಟಾ ಎಷ್ಟೋ ಸಲ ಹೋಗೋದು, ಡಿಸ್ಕ್ ಕೆಟ್ಟ ಮೇಲಿನ ಮೊದಲ ಒಂದು ಗಂಟೆಯ ಅವಸರದಲ್ಲಿ.

2/8

ಮೊದಲು ಒಳಗೆ ಏನಿದೆ ಅಂತ ನೋಡೋಣ. ಕಾಮರ್ಸ್‌ನವರಿಗೆ ಇದು ಸಲೀಸು, ಸೈನ್ಸ್‌ನವರು ಬೇಕಾದ್ರೆ ಸ್ಕಿಪ್ ಮಾಡಿ 😄

1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಮೂವರೂ ಸೇರಿ ಒಂದು ಪೇಪರ್ ಬರೆದ್ರು. ದುಬಾರಿಯ ಒಂದು ದೊಡ್ಡ ಡಿಸ್ಕ್ ಬದಲು ಅಗ್ಗದ ಸಣ್ಣ ಡಿಸ್ಕ್‌ಗಳನ್ನ ಜೋಡಿಸೋಣ, ಅವುಗಳಲ್ಲಿ ಒಂದು ಸತ್ತರೂ ಕೆಲಸ ನಿಲ್ಲದ ಹಾಗೆ ಲೆಕ್ಕ ಇಡೋಣ ಅನ್ನೋದು ಅದರ ವಾದ. ಅದಕ್ಕೆ ಇಟ್ಟ ಹೆಸರು ರೇಡ್. ನಾಸ್ ಡಬ್ಬದೊಳಗೆ ಇರೋದು ಇದೇ.

ಸಿಂಗಲ್ ಎಂಟ್ರಿ ಚಾಪ್ಟರ್ ನೆನಪಿದೆಯಾ? ಆರಂಭದ ಸಾಲಗಾರರು ಎಷ್ಟು, ಬಂದ ನಗದು ಎಷ್ಟು, ಕೊನೆಯ ಬಾಕಿ ಎಷ್ಟು ಅಂತ ಕೊಟ್ಟಿರ್ತಾರೆ, ಸಾಲದ ಮಾರಾಟ ಮಾತ್ರ ಕೊಟ್ಟಿರಲ್ಲ. ನಾವು ಅಕೌಂಟ್ ಹಾಕಿ ಬ್ಯಾಲೆನ್ಸಿಂಗ್ ಫಿಗರ್ ತೆಗೀತೀವಿ. ರೇಡ್ 5 ಮಾಡೋದು ಇಷ್ಟೇ. ನಾಲ್ಕು ಡಿಸ್ಕ್ ಇದ್ರೆ ಪ್ರತಿ ಸಾಲಿನಲ್ಲೂ ಮೂರರಲ್ಲಿ ಡೇಟಾ, ನಾಲ್ಕನೆಯದರಲ್ಲಿ ಆ ಮೂರರ ಲೆಕ್ಕ. ಅದಕ್ಕೆ ಪ್ಯಾರಿಟಿ ಅಂತಾರೆ. ಪ್ಯಾರಿಟಿಯ ಜಾಗ ಸಾಲಿಂದ ಸಾಲಿಗೆ ಬದಲಾಗ್ತಾ ಹೋಗುತ್ತೆ, ಹಾಗಾಗಿ "ಇದು ಪ್ಯಾರಿಟಿ ಡಿಸ್ಕ್" ಅಂತ ಒಂದೇ ಡಿಸ್ಕ್ ತೋರ್ಸೋಕಾಗಲ್ಲ. ಯಾವುದಾದ್ರೂ ಒಂದು ಡಿಸ್ಕ್ ಹೋದ್ರೆ ಉಳಿದ ಮೂರರಿಂದ ಅದನ್ನ ಬ್ಯಾಲೆನ್ಸಿಂಗ್ ಫಿಗರ್ ಥರ ತೆಗೆಯಬಹುದು.

ಎರಡು ಡಿಸ್ಕ್ ಹೋದ್ರೆ? ಎರಡು ಫಿಗರ್ ಕೊಡದೆ ಲೆಕ್ಕ ಮಾಡು ಅಂದ್ರೆ ನಮ್ಮ ಅಕೌಂಟ್ಸ್ ಸರ್‌ಗೂ ಆಗಲ್ಲ. ರೇಡ್ 6 ಎರಡು ಬೇರೆ ಬೇರೆ ಲೆಕ್ಕ ಇಡುತ್ತೆ, ಅದು ಎರಡು ಸಾವು ತಡ್ಕೊಳ್ಳುತ್ತೆ. ರೇಡ್ 0 ಏನನ್ನೂ ತಡ್ಕೊಳ್ಳಲ್ಲ, ಹೆಸರಲ್ಲಿ ಮಾತ್ರ ರೇಡ್.

ಇನ್ನೊಂದು ಹೋಲಿಕೆ ಇದಕ್ಕಿಂತ ಮುಖ್ಯ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ ಮಾತ್ರಕ್ಕೆ ಪುಸ್ತಕ ಸರಿ ಇದೆ ಅಂತಲ್ಲ. ಒಂದು ಬಿಲ್ ಬರೆಯೋದೇ ಮರೆತುಹೋಗಿದ್ರೂ ಟ್ಯಾಲಿ ಆಗುತ್ತೆ. ಹಾಗೇ ಯಾರಾದ್ರೂ ಫೋಲ್ಡರ್ ಡಿಲೀಟ್ ಮಾಡಿದ್ರೆ, ರ‍್ಯಾನ್‌ಸಮ್‌ವೇರ್ ಬಂದು ಫೈಲ್‌ಗೆಲ್ಲಾ ಬೀಗ ಹಾಕಿದ್ರೆ, ರೇಡ್ ನಿಷ್ಠೆಯಿಂದ ಆ ಡಿಲೀಟನ್ನೇ, ಆ ಬೀಗವನ್ನೇ ನಾಲ್ಕೂ ಡಿಸ್ಕಿಗೆ ಬರೆದು ಪ್ಯಾರಿಟಿ ಟ್ಯಾಲಿ ಮಾಡಿ ಕೊಡುತ್ತೆ. ಹಸಿರು ಲೈಟ್ ಉರೀತಾನೇ ಇರುತ್ತೆ.

3/8

ಈಗ ಡಬ್ಬ ಸತ್ತಿದೆ ಅಂದ್ಕೊಳ್ಳಿ. ಸತ್ತಿದ್ದು ಯಾವುದು? ಇದನ್ನ ಕೇಳದೆ ಅಳೋಕೆ ಶುರು ಮಾಡೋರೇ ಜಾಸ್ತಿ.

2017ರಲ್ಲಿ ಇಂಟೆಲ್ ತನ್ನ ಆ್ಯಟಮ್ ಸಿ2000 ಅನ್ನೋ ಚಿಪ್‌ಗಳಲ್ಲಿ ದೋಷ ಇದೆ ಅಂತ ಒಪ್ಕೊಂಡ್ತು. ಒಂದಷ್ಟು ಕಾಲ ಓಡಿದ ಮೇಲೆ ಒಳಗಿನ ಕ್ಲಾಕ್ ಸಿಗ್ನಲ್ ನಿಂತು ಹೋಗಬಹುದು, ಆಗ ಯಂತ್ರ ಬೂಟ್ ಆಗಲ್ಲ. ಆ ಚಿಪ್ ಸಿಸ್ಕೋದ ಕೆಲವು ನೆಟ್‌ವರ್ಕ್ ಉಪಕರಣಗಳಲ್ಲೂ ಇತ್ತು, ಸಿನಾಲಜಿಯ ಡಿಎಸ್1515+, ಡಿಎಸ್1815+ ಥರದ ನಾಸ್ ಡಬ್ಬಗಳಲ್ಲೂ ಇತ್ತು. ಸಿನಾಲಜಿ ಆ ಮಾಡೆಲ್‌ಗಳ ವಾರಂಟಿ ಒಂದು ವರ್ಷ ಹೆಚ್ಚಿಸ್ತು. ಬೋರ್ಡ್ ಮೇಲೆ ಒಂದು ಸಣ್ಣ ರೆಸಿಸ್ಟರ್ ಬೆಸುಗೆ ಹಾಕಿ ಸತ್ತ ಡಬ್ಬ ಎಬ್ಬಿಸಿದ ಹವ್ಯಾಸಿಗಳೂ ಇದ್ದಾರೆ. ಇದರಲ್ಲಿ ಗಮನಿಸಬೇಕಾದ್ದು, ಡಿಸ್ಕ್‌ಗಳಿಗೆ ಏನೂ ಆಗಿರಲಿಲ್ಲ. ಬೀರುವಿನ ಬಾಗಿಲು ಜಾಮ್ ಆಗಿತ್ತು, ಒಳಗಿನ ಸೀರೆ ಹಾಗೇ ಇತ್ತು.

ಮನೆ-ಆಫೀಸಿಗೆ ಬರೋ ಸಾಕಷ್ಟು ನಾಸ್‌ಗಳ ಒಳಗೆ ಇರೋದು ಲಿನಕ್ಸ್. ಡಿಸ್ಕ್ ಜೋಡಿಸೋ ಕೆಲಸ ಎಂಡಿಆಡ್ಮ್ ಅನ್ನೋ ಉಚಿತ ಸಾಫ್ಟ್‌ವೇರ್‌ದು. ಅಂದ್ರೆ ಆ ಡಿಸ್ಕ್‌ಗಳನ್ನ ಓದೋಕೆ ಅದೇ ಕಂಪನಿಯ ಡಬ್ಬವೇ ಬೇಕು ಅಂತೇನಿಲ್ಲ. ಡಿಸ್ಕ್‌ಗಳನ್ನ ಉಬುಂಟು ಹಾಕಿದ ಮಾಮೂಲಿ ಪಿಸಿಗೆ ಜೋಡಿಸಿ ಡೇಟಾ ತೆಗೆಯೋದು ಹೇಗೆ ಅಂತ ಸಿನಾಲಜಿಯೇ ಬರೆದು ಕೊಟ್ಟಿದೆ. ಪ್ರತಿ ಡಿಸ್ಕ್‌ನ ಮೇಲೂ "ನಾನು ಈ ಗುಂಪಿನವನು, ನನ್ನದು ಇಷ್ಟನೇ ಸ್ಥಾನ, ಇಷ್ಟಿಷ್ಟು ಅಗಲದ ತುಂಡು" ಅಂತ ಒಂದು ವಿಳಾಸ ಚೀಟಿ ಇರುತ್ತೆ. ಅದಕ್ಕೆ ಸೂಪರ್‌ಬ್ಲಾಕ್ ಅಂತಾರೆ. ಆ ಚೀಟಿ ಉಳಿದಿದ್ರೆ ಅರ್ಧ ಗೆದ್ದ ಹಾಗೆ. ಫೋಲ್ಡರ್‌ಗೆ ಎನ್‌ಕ್ರಿಪ್ಷನ್ ಹಾಕಿದ್ರೆ ಮಾತ್ರ ಕೀ ಬೇಕೇ ಬೇಕು. ಆ ಕೀಯನ್ನ ಅದೇ ನಾಸ್ ಒಳಗೆ ಸೇವ್ ಮಾಡಿರೋ ಪುಣ್ಯಾತ್ಮರೂ ಇದ್ದಾರೆ, ಅವರಿಗೆ ನಮಸ್ಕಾರ 🙏

4/8

ಡಿಸ್ಕ್ ಎಲ್ಲಾ ಚೆನ್ನಾಗಿದ್ದೂ ಎಲ್ಲಾ ಹೋಯ್ತು ಅನ್ನಿಸೋ ಕಥೆ ಬೇಕಾ? ನಮ್ಮಲ್ಲಿ ಅರ್ಧ ಜನ ನೋಡೋ ಲೈನಸ್ ಟೆಕ್ ಟಿಪ್ಸ್‌ದೇ ಇದೆ.

ಕೆನಡಾದ ಆ ಚಾನೆಲ್‌ನವರ ಎಡಿಟಿಂಗ್ ಸರ್ವರ್ 2016ರ ಜನವರಿಯಲ್ಲಿ ಬಿದ್ದುಹೋಯ್ತು. ಅದರಲ್ಲಿ 24 ಎಸ್‌ಎಸ್‌ಡಿ. ಮೂರು ರೇಡ್ ಕಾರ್ಡ್, ಒಂದೊಂದರ ಕೆಳಗೆ 8 ಡಿಸ್ಕ್‌ನ ರೇಡ್ 5. ಆ ಮೂರು ಗುಂಪನ್ನ ಸೇರಿಸಿದ್ದು ಮಾತ್ರ ರೇಡ್ 0 ರೀತಿಯಲ್ಲಿ, ವೇಗಕ್ಕೋಸ್ಕರ. ಒಂದು ಕಾರ್ಡ್ ಕೈ ಕೊಟ್ಟಿತು. ಒಂದೇ ಕಾರ್ಡ್! ಮೂರರಲ್ಲಿ ಒಂದು ಗುಂಪು ಕಾಣದೆ ಹೋದ್ರೆ ಉಳಿದೆರಡು ಗುಂಪಲ್ಲಿರೋದು ಪ್ರತಿ ಫೈಲಿನ ಚೂರುಗಳು ಅಷ್ಟೇ. ಸರಿಯಾದ ಪೂರ್ತಿ ಬ್ಯಾಕಪ್ ಇರಲಿಲ್ಲ.

ಕೊನೆಗೆ ಡೇಟಾ ರಿಕವರಿ ಕಂಪನಿಯೊಂದರ ಸಹಾಯದಿಂದ ವಾಪಸ್ ಬಂತು. ಆ ವಿಡಿಯೋ ನೋಡಿದ ನಮ್ಮ ಹುಡುಗರು "ಸೂಪರ್, ನಾವೂ ಹೀಗೇ ರಿಕವರ್ ಮಾಡಬಹುದು" ಅಂದ್ರು. ನನಗೆ ಕಂಡಿದ್ದೇ ಬೇರೆ. ಅಷ್ಟು ತಿಳಿದವರು, ಅಷ್ಟು ದುಡ್ಡಿರೋರು, ದಿನ ಬೆಳಗಾದ್ರೆ ಇದನ್ನೇ ಪಾಠ ಮಾಡೋರು, ಅವರೇ ಒಂದು ಹಂತದಲ್ಲಿ ಹೊರಗಿನವರನ್ನ ಕರೆದ್ರು. ನಾವು ಯೂಟ್ಯೂಬ್ ನೋಡ್ಕೊಂಡು ಬೇರೆಯವರ ಡಿಸ್ಕ್ ಮೇಲೆ ಪ್ರಯೋಗ ಮಾಡ್ತೀವಿ ಅಂತೀವಲ್ಲ!

5/8

ಈ ಭಾಗ ಉದ್ದ ಇದೆ, ಸೇವ್ ಮಾಡಿಟ್ಕೊಳ್ಳಿ. ಯಾವ ಯಾವ ಕೈ ಕೆಲಸದಿಂದ ಡೇಟಾ ಸಾಯುತ್ತೆ ಅನ್ನೋದು.

ಎಲ್ಲಕ್ಕಿಂತ ಸಾಮಾನ್ಯವಾದದ್ದು: ಡಿಸ್ಕ್ ಕಿತ್ತು ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕೋದು. ವಿಂಡೋಸಿಗೆ ಲಿನಕ್ಸ್ ಡಿಸ್ಕ್ ಓದೋಕೆ ಬರಲ್ಲ. ಅದು ತುಂಬಾ ವಿನಯದಿಂದ "ಈ ಡಿಸ್ಕ್ ಇನಿಶಿಯಲೈಸ್ ಮಾಡ್ಲಾ? ಫಾರ್ಮ್ಯಾಟ್ ಮಾಡ್ಲಾ?" ಅಂತ ಕೇಳುತ್ತೆ. ಗಾಬರಿಯಲ್ಲಿರೋನು ಓಕೆ ಒತ್ತುತ್ತಾನೆ. ಮುಗೀತು.

ಎರಡನೆಯದು, ನಾಲ್ಕೂ ಡಿಸ್ಕ್ ಒಟ್ಟಿಗೆ ಹೊರಗೆ ತೆಗೆದು ಮೇಜಿನ ಮೇಲೆ ಇಡೋದು. ಯಾವುದು ಯಾವ ಖಾನೆಯದು? ಒಂದು ಮಾರ್ಕರ್‌ನಲ್ಲಿ 1, 2, 3, 4 ಬರೆಯೋಕೆ ಹತ್ತು ಸೆಕೆಂಡ್ ಸಾಕು. ಚೀಟಿ ಅಳಿಸಿ ಹೋಗಿದ್ರೆ ಆ ನಂಬರ್ ಬಂಗಾರ.

ಇನ್ನು ನನಗೆ ಅತಿ ಭಯ ಇರೋದು ಇದರ ಬಗ್ಗೆ, ಯಾಕಂದ್ರೆ ಮೇಲ್ನೋಟಕ್ಕೆ ಇದು ಬುದ್ಧಿವಂತಿಕೆ ಥರ ಕಾಣುತ್ತೆ. ಮಾರ್ಚ್‌ನಲ್ಲಿ ಎರಡನೇ ಡಿಸ್ಕ್ ಹೋಯ್ತು ಅಂದ್ಕೊಳ್ಳಿ. ಬೀಪ್ ಬಂತು, ಯಾರೋ "ತಲೆನೋವು" ಅಂತ ಮ್ಯೂಟ್ ಮಾಡಿದ್ರು. ನಾಸ್ ಮೂರರ ಮೇಲೆ ಓಡ್ತಾ ಇತ್ತು. ಅಕ್ಟೋಬರ್‌ನಲ್ಲಿ ನಾಲ್ಕನೆಯದೂ ಹೋಯ್ತು, ಡಬ್ಬ ನಿಂತಿತು. ಈಗ ಯಾರೋ ಎರಡನೇ ಡಿಸ್ಕ್ ತೆಗೆದು ಒರೆಸಿ ಹಾಕ್ತಾರೆ, ಅದು ತಿರುಗುತ್ತೆ! ಎಲ್ಲರೂ ಚಪ್ಪಾಳೆ. 1, 2, 3 ಇದೆ, ಮೂರು ಸಾಕಲ್ವಾ, ಫೋರ್ಸ್ ಮಾಡಿ ಸೇರಿಸು.

ಸಾಕಾಗಲ್ಲ. ಎರಡನೇ ಡಿಸ್ಕ್ ಮಾರ್ಚ್‌ನಿಂದ ರಜೆಯಲ್ಲಿರೋ ಗುಮಾಸ್ತ. ಅವನ ಲೆಡ್ಜರ್ ಅಚ್ಚುಕಟ್ಟಾಗಿದೆ, ಆದ್ರೆ ಮಾರ್ಚ್‌ಗೇ ನಿಂತಿದೆ. ಉಳಿದವರದ್ದು ಅಕ್ಟೋಬರ್ ತನಕ ಇದೆ. ಇವೆರಡನ್ನೂ ಸೇರಿಸಿ ಬ್ಯಾಲೆನ್ಸಿಂಗ್ ಫಿಗರ್ ತೆಗೆದ್ರೆ ಬರೋದು ಕಸ. ಆ ಕಸದ ಮೇಲೆ ಫೈಲ್ ಸಿಸ್ಟಮ್ ರಿಪೇರಿ ಓಡಿಸಿದ್ರೆ ಅದು ಒಳ್ಳೇ ಡಿಸ್ಕ್‌ಗಳ ಮೇಲೂ ಕಸ ಬರೆಯುತ್ತೆ. ನಿಜವಾಗಿ ಬೇಕಾದ್ದು ಈಗಷ್ಟೇ ಸತ್ತ ನಾಲ್ಕನೇ ಡಿಸ್ಕ್. ಅದರಲ್ಲಿ ನಾಲ್ಕು ಸೆಕ್ಟರ್ ಕೆಟ್ಟಿರಬಹುದು, ಉಳಿದ ಭಾಗ ಅಕ್ಟೋಬರ್‌ನದ್ದೇ. ಅದನ್ನ ಎಷ್ಟು ಬರುತ್ತೋ ಅಷ್ಟು ಕಾಪಿ ಮಾಡಿ 1, 3ರ ಜೊತೆ ಕೂರಿಸಬೇಕು. ಕೊನೆಗೆ ಸತ್ತವನು ಮೊದಲು ಸತ್ತವನಿಗಿಂತ ಬೆಲೆ ಬಾಳ್ತಾನೆ.

ಯಾರು ಯಾವಾಗ ರಜೆ ಹಾಕಿದ್ರು ಅನ್ನೋದು ಆ ವಿಳಾಸ ಚೀಟಿಯಲ್ಲೇ ಇರುತ್ತೆ. ಈವೆಂಟ್ ಕೌಂಟ್ ಅಂತ ಒಂದು ಸಂಖ್ಯೆ, ಗುಂಪಿನಲ್ಲಿ ಬದಲಾವಣೆ ಆದಾಗೆಲ್ಲ ಏರುತ್ತೆ. ಹೊರಬಿದ್ದ ಡಿಸ್ಕ್‌ದು ಅಲ್ಲೇ ನಿಂತಿರುತ್ತೆ. ಬರೀ ಓದಿ ನೋಡೋಕೆ ಕಮಾಂಡ್ ಇದೆ, ಅದರಿಂದ ಏನೂ ಹಾಳಾಗಲ್ಲ. ಆದ್ರೆ ಅದೇ ಎಂಡಿಆಡ್ಮ್‌ನಲ್ಲಿ "ಕ್ರಿಯೇಟ್" ಅನ್ನೋದೂ ಇದೆ. ಅದು ಹಳೇ ಚೀಟಿ ಹರಿದು ಹೊಸದು ಬರೆಯುತ್ತೆ. ಡಿಸ್ಕ್ ಕ್ರಮವೋ ತುಂಡಿನ ಅಳತೆಯೋ ತಪ್ಪಾದ್ರೆ ಒಂದು ಫೈಲೂ ತೆರೆಯಲ್ಲ. ಇಂಟರ್ನೆಟ್ಟಲ್ಲಿ ಎಲ್ಲೋ ಯಾರಿಗೋ ವರ್ಕ್ ಆಗಿತ್ತು ಅಂತ ಆ ಲೈನ್ ಕಾಪಿ ಮಾಡಿ ಪೇಸ್ಟ್ ಮಾಡೋರನ್ನ ಕಂಡ್ರೆ ಕೀಬೋರ್ಡ್ ಕಿತ್ಕೊಳ್ಳಿ. ನನ್ನ ಹೆಸರು ಹೇಳಿ.

ಫ್ರೀಜರ್‌ನಲ್ಲಿ ಡಿಸ್ಕ್ ಇಟ್ಟು ತೆಗೆದ್ರೆ ಸರಿ ಹೋಗುತ್ತೆ ಅನ್ನೋ ಹಳೇ ಮಾತೂ ಓಡಾಡ್ತಿದೆ. ಹೊರಗೆ ತೆಗೆದ ಕೂಡಲೇ ನೀರಿನ ಹನಿ ಕಟ್ಟುತ್ತೆ. ಫ್ರೀಜರ್ ಐಸ್‌ಕ್ರೀಮಿಗೆ.

6/8

ಸರಿಯಾದ ದಾರಿ ನೋಡೋಕೆ ಬೋರಿಂಗ್. ಪ್ಲಗ್ ತೆಗಿ. ಫೋಟೋ ತೆಗಿ. ಡಿಸ್ಕಿಗೆ ನಂಬರ್ ಹಾಕು. ಏನಾಯ್ತು, ಯಾವಾಗಾಯ್ತು, ಯಾರು ಏನು ಒತ್ತಿದ್ರು ಅಂತ ಒಂದು ಹಾಳೆಯಲ್ಲಿ ಬರಿ. ಆಮೇಲೆ ಪ್ರತಿ ಡಿಸ್ಕ್‌ನದ್ದೂ ಪೂರ್ತಿ ನಕಲು ಬೇರೆ ಡಿಸ್ಕ್ ಮೇಲೆ. ಇನ್ನೂ ಉಸಿರಾಡ್ತಿರೋ ಡಿಸ್ಕಿಗೆ ಜಿಎನ್‌ಯು ಡಿಡಿರೆಸ್ಕ್ಯೂ ಅನ್ನೋ ಉಚಿತ ಸಾಧನ ಇದೆ. ಅದರ ಗುಣ ನನಗೆ ಇಷ್ಟ: ಮೊದಲು ಸುಲಭವಾಗಿ ಓದೋಕಾಗೋದನ್ನೆಲ್ಲ ಎತ್ತಿಕೊಳ್ಳುತ್ತೆ, ಕಷ್ಟದ ಜಾಗಗಳನ್ನ ಒಂದು ಮ್ಯಾಪ್‌ನಲ್ಲಿ ಗುರುತು ಹಾಕಿಟ್ಟು ಆಮೇಲೆ ವಾಪಸ್ ಬರುತ್ತೆ. ನಾವು ಪರೀಕ್ಷೆಯಲ್ಲಿ ಗೊತ್ತಿರೋ ಪ್ರಶ್ನೆ ಮೊದಲು ಬರೆಯೋ ಹಾಗೆ. ಮಧ್ಯದಲ್ಲಿ ಕರೆಂಟ್ ಹೋದ್ರೂ ಆ ಮ್ಯಾಪ್ ಇದ್ರೆ ನಿಲ್ಲಿಸಿದ ಕಡೆಯಿಂದ ಮುಂದುವರಿಸಬಹುದು.

ಡಿಸ್ಕ್ ಜೋಡಿಸೋದು, ಲೆಕ್ಕ ಹಾಕೋದು, ಎಲ್ಲವೂ ನಕಲಿನ ಮೇಲೆ, ಅದೂ "ಓದು ಮಾತ್ರ" ಮೋಡ್‌ನಲ್ಲಿ. ತಪ್ಪಾದ್ರೆ ಇನ್ನೊಂದು ನಕಲು. ಅಸಲು ಡ್ರಾಯರ್‌ನಲ್ಲಿ.

ಇದಕ್ಕೆ ಖರ್ಚಿದೆ. ನಾಲ್ಕು ಡಿಸ್ಕಿಗೆ ನಾಲ್ಕು ಹೊಸ ಡಿಸ್ಕ್‌ನಷ್ಟು ಜಾಗ ಬೇಕು. ಮಾಲೀಕರು ಗೊಣಗೋದು ಇಲ್ಲೇ. ಮತ್ತೆ ಡಿಸ್ಕ್‌ನಿಂದ ಟಕ್ ಟಕ್ ಅಂತ ಶಬ್ದ ಬರ್ತಿದ್ರೆ ಅದು ಸಾಫ್ಟ್‌ವೇರ್ ಕಾಯಿಲೆ ಅಲ್ಲ, ಒಳಗಿನ ಹೆಡ್ ಕೆಟ್ಟಿರೋ ಸಾಧ್ಯತೆ ಜಾಸ್ತಿ. ಆನ್ ಮಾಡಿದಷ್ಟೂ ಗೀರು ಬೀಳಬಹುದು. ಅದು ಧೂಳಿಲ್ಲದ ಕೋಣೆ ಇರೋ ಲ್ಯಾಬಿನ ಕೆಲಸ, ನಮ್ಮದಲ್ಲ, ಗಲ್ಲಿಯ ಮೊಬೈಲ್ ಅಂಗಡಿಯದ್ದೂ ಅಲ್ಲ.

7/8

"ಸರಿ, ಒಂದೇ ಡಿಸ್ಕ್ ಹೋಗಿದ್ರೆ? ಹೊಸದು ಹಾಕಿ ರೀಬಿಲ್ಡ್ ಒತ್ತಿದ್ರಾಯ್ತಲ್ಲ?" ಹೌದು, ಅದಕ್ಕೇ ಅದನ್ನ ಮಾಡಿರೋದು. ಆದ್ರೆ ಒತ್ತೋ ಮುಂಚೆ ಮುಖ್ಯ ಫೈಲ್‌ಗಳನ್ನ ಬೇರೆ ಕಡೆ ಎತ್ತಿಕೊಳ್ಳಿ.

ನಾಲ್ಕು 8 ಟಿಬಿ ಡಿಸ್ಕ್‌ಗಳ ರೇಡ್ 5 ಆದ್ರೆ, ರೀಬಿಲ್ಡ್ ಅಂದ್ರೆ ಉಳಿದ ಮೂರನ್ನೂ ಮೊದಲಿಂದ ಕೊನೆವರೆಗೆ, 24 ಟಿಬಿ, ಒಂದೇ ಉಸಿರಲ್ಲಿ ಓದೋದು. ಆ ಮೂರೂ ಸತ್ತವನ ಜೊತೆ ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡವು. ವಯಸ್ಸು ಒಂದೇ, ಬಿಸಿಲು ಒಂದೇ. ಸಾಮಾನ್ಯ ಡಿಸ್ಕ್‌ಗಳ ವಿವರ ಪಟ್ಟಿಯಲ್ಲಿ 10ರ 14ನೇ ಘಾತದಷ್ಟು ಬಿಟ್ ಓದಿದ್ರೆ ಒಂದು ಓದಲಾಗದ ತಪ್ಪು ಬರಬಹುದು ಅಂತ ಬರೆದಿರ್ತಾರೆ, ಅಂದ್ರೆ 12.5 ಟಿಬಿಗೆ ಒಂದು. ಇದನ್ನ ಇಟ್ಕೊಂಡು "ರೇಡ್ 5 ಸತ್ತೇ ಹೋಯ್ತು" ಅಂತ ಹೆದರಿಸೋರ ಮಾತು ನಾನು ಪೂರ್ತಿ ಒಪ್ಪಲ್ಲ. ಅದು ಕಂಪನಿ ಕೊಡೋ ಮಿತಿ, ಪ್ರತಿ 12.5 ಟಿಬಿಗೂ ಬಂದೇ ಬರುತ್ತೆ ಅಂತಲ್ಲ. ಆದ್ರೆ ತಿಂಗಳುಗಟ್ಟಲೆ ಯಾರೂ ಮುಟ್ಟದ ಮೂಲೆಯ ಸೆಕ್ಟರ್ ಕೆಟ್ಟಿರೋದು ಗೊತ್ತಾಗೋದು ಇಂಥ ದಿನವೇ.

ಮೊದಲೇ ಗೊತ್ತಾಗಬೇಕಂದ್ರೆ ಸ್ಕ್ರಬ್ ಅಂತ ಇದೆ. ತಿಂಗಳಿಗೊಮ್ಮೆ ಎಲ್ಲಾ ಡಿಸ್ಕ್ ಓದಿ ಟ್ಯಾಲಿ ಮಾಡೋದು. ಅದೇ ಲೈನಸ್‌ನವರಿಗೆ 2022ರಲ್ಲಿ ಎರಡನೇ ಸಲ ಏಟು ಬಿದ್ದಿದ್ದು ಇಲ್ಲೇ. ಹಳೇ ವಿಡಿಯೋ ಇಟ್ಟಿದ್ದ ದೊಡ್ಡ ಸರ್ವರ್‌ಗಳಲ್ಲಿ ಸ್ಕ್ರಬ್ ಶೆಡ್ಯೂಲ್ ಮಾಡಿರಲಿಲ್ಲ, ಡಿಸ್ಕ್‌ಗಳು ಒಂದೊಂದಾಗಿ ಹೋಗ್ತಿದ್ದದ್ದನ್ನ ನೋಡೋರು ಇರಲಿಲ್ಲ.

ಹೊಸ ಡಿಸ್ಕ್ ಕೊಳ್ಳುವಾಗಲೂ ಕಣ್ಣು ಬಿಟ್ಟು ನೋಡಿ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ನಾಸ್‌ಗೆಂದೇ ಮಾರ್ತಿದ್ದ ರೆಡ್ ಡಿಸ್ಕ್‌ಗಳಲ್ಲಿ ಕೆಲವು ಎಸ್‌ಎಂಆರ್ ತಂತ್ರದವು ಅಂತ ಹೊರಬಂತು. ಮನೆ ಹೆಂಚಿನ ಥರ ಒಂದರ ಮೇಲೊಂದು ಸಾಲು ಜೋಡಿಸಿ ಬರೆಯೋ ವಿಧಾನ, ಒಂದೇ ಸಮನೆ ಬರೆಯುವಾಗ ತುಂಬಾ ನಿಧಾನ. ರೀಬಿಲ್ಡ್ ಅಂದ್ರೆ ಒಂದೇ ಸಮನೆ ಬರೆಯೋದೇ. ಗಲಾಟೆ ಆದ ಮೇಲೆ ಅವರು ಹಳೇ ರೀತಿಯವನ್ನ ರೆಡ್ ಪ್ಲಸ್ ಅಂತ ಬೇರೆ ಮಾಡಿದ್ರು.

8/8

ಈಗ ದುಡ್ಡಿನ ಮಾತು, ಬಿಕಾಂ ಓದ್ತಾ ಇದನ್ನ ಬಿಟ್ರೆ ಹೇಗೆ.

ನಾಸ್ ಕೊಂಡ ದಿನ ಅದು ಸ್ಥಿರಾಸ್ತಿ ಪಟ್ಟಿಗೆ ಹೋಗುತ್ತೆ, ಕಂಪ್ಯೂಟರ್ ಬ್ಲಾಕ್‌ನಲ್ಲಿ ಆದಾಯ ತೆರಿಗೆಗೆ 40% ಸವಕಳಿ. ಮೂರು ವರ್ಷಕ್ಕೆ ಪುಸ್ತಕದಲ್ಲಿ ಅದರ ಬೆಲೆ ಕೊಂಡದ್ದರ ಕಾಲು ಭಾಗಕ್ಕಿಂತ ಕಮ್ಮಿ. ಒಳಗಿರೋ ಡೇಟಾದ ಬೆಲೆ ಯಾವ ಪುಸ್ತಕದಲ್ಲೂ ಇಲ್ಲ. ಹಾಗಾಗಿ "ಆ ಹಳೇ ಡಬ್ಬಕ್ಕೆ ಇನ್ನೊಂದು ಬ್ಯಾಕಪ್ ಡಿಸ್ಕ್ ಯಾಕೆ" ಅನ್ನೋ ಪ್ರಶ್ನೆ ಬ್ಯಾಲೆನ್ಸ್ ಶೀಟ್ ನೋಡೋನಿಗೆ ಸರಿಯಾಗೇ ಕಾಣುತ್ತೆ. ಆದ್ರೆ ಕಂಪನಿ ಕಾಯ್ದೆಯ 128ನೇ ಸೆಕ್ಷನ್ 8 ಹಣಕಾಸು ವರ್ಷದ ಪುಸ್ತಕ ಇಡಬೇಕು ಅನ್ನುತ್ತೆ. ಜಿಎಸ್‌ಟಿಯಲ್ಲಿ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು. ಕಂಪನಿಗಳ ಎಲೆಕ್ಟ್ರಾನಿಕ್ ಪುಸ್ತಕದ ಬ್ಯಾಕಪ್ ಭಾರತದಲ್ಲಿರೋ ಸರ್ವರ್‌ನಲ್ಲಿ "ಆಗಾಗ" ಇಡಬೇಕು ಅಂತಿದ್ದ ನಿಯಮವನ್ನ 2022ರ ಆಗಸ್ಟ್‌ನಲ್ಲಿ "ದಿನಾ" ಅಂತ ಬದಲಾಯಿಸಿದ್ರು. ಸಣ್ಣ ಅಂಗಡಿ, ಪಾಲುದಾರಿಕೆಗೆ ಈ ಕೊನೆಯ ನಿಯಮ ತಾಗಲ್ಲ, ಅವರ ಡಿಸ್ಕಿಗೆ ಮಾತ್ರ ಅದು ಗೊತ್ತಿಲ್ಲ.

ನಾಲ್ಕು ಡಿಸ್ಕ್ ಇದೆ, ಅದಕ್ಕೇ ಬ್ಯಾಕಪ್ ಬೇಡ ಅನ್ನೋ ವಾದ ನಾನು ಒಪ್ಪೋದೇ ಇಲ್ಲ. ಎರಡರಲ್ಲಿ ಒಂದಕ್ಕೇ ದುಡ್ಡಿದ್ರೆ ನಾನಾದ್ರೆ ಒಂದೇ ಡಿಸ್ಕ್‌ನ ಸಾದಾ ಪಿಸಿ ಇಟ್ಟು, ಎರಡು ಎಕ್ಸ್‌ಟರ್ನಲ್ ಡಿಸ್ಕ್ ತಗೊಂಡು, ವಾರವಾರ ಅದಲು ಬದಲು ಮಾಡಿ ಒಂದನ್ನ ಮನೆಗೆ ಕೊಂಡುಹೋಗು ಅಂತೀನಿ. ರೇಡ್ ಇರೋದು ಅಂಗಡಿ ಬಾಗಿಲು ಮುಚ್ಚದೆ ನಡೀಲಿ ಅಂತ. ಹೋದದ್ದು ವಾಪಸ್ ಬರಲಿ ಅಂತ ಇರೋದು ಬ್ಯಾಕಪ್.

ಬ್ಯಾಕಪ್ ಆಗ್ತಿದೆ ಅಂತ ನಂಬಿ ಕೂರೋದೂ ಸಾಲದು. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಅಸಲು ಡೇಟಾಬೇಸ್ ಕೈತಪ್ಪಿ ಅಳಿಸಿ ಹೋಯ್ತು. ನೋಡಿದ್ರೆ ರೋಜಿನ ಬ್ಯಾಕಪ್ ಸಾಫ್ಟ್‌ವೇರ್ ಆವೃತ್ತಿ ಹೊಂದದೆ ವಿಫಲ ಆಗ್ತಾ ಇತ್ತು, ಅದು ವಿಫಲ ಆಯ್ತು ಅಂತ ಹೇಳೋ ಇಮೇಲ್ ಕೂಡ ತಲುಪ್ತಾ ಇರಲಿಲ್ಲ. ಯಾರೋ ಬೇರೆ ಕೆಲಸಕ್ಕೆ ಸುಮಾರು 6 ಗಂಟೆ ಮುಂಚೆ ತೆಗೆದಿದ್ದ ನಕಲು ಇದ್ದದ್ದಕ್ಕೆ ಬಚಾವ್.

ನೀವು ಹೋಗೋ ಆಫೀಸಲ್ಲಿ ಸೋಮವಾರ ಒಂದು ಕೆಲಸ ಮಾಡಿ. ಬ್ಯಾಕಪ್ ಇದೆಯಾ ಅಂತ ಕೇಳಬೇಡಿ, ಎಲ್ಲರೂ ಇದೆ ಅಂತಾರೆ. ಕಳೆದ ವರ್ಷದ ಒಂದು ಫೈಲ್ ಹೆಸರು ಹೇಳಿ, ಅದನ್ನ ಬ್ಯಾಕಪ್‌ನಿಂದ ತೆಗೆದು ತೋರಿಸಿ ಅಂತ ಕೇಳಿ. ಎಷ್ಟು ಹೊತ್ತು ಹಿಡೀತು ಅಂತ ಕಾಮೆಂಟಲ್ಲಿ ಹಾಕಿ, ಆಫೀಸಿನ ಹೆಸರು ಬೇಡ. ಹಾಗೇ ಒಂದು ಮಾರ್ಕರ್ ಬ್ಯಾಗಲ್ಲಿ ಇಟ್ಕೊಳ್ಳಿ 🖊️

#ನಾಸ್ #ರೇಡ್ಅಂದ್ರೆಬ್ಯಾಕಪ್ಅಲ್ಲ #ಬಿಕಾಂಹುಡುಗರು